ಗುಣಿಸಬೇಕೋ ಕೂಡಿಸಬೇಕೋ

ಕರಿಹಲಗೆಯ ಮೇಲಿನ ಅರ್ಧಕ್ಕೆ ಅವರ ಕೈ ಎಟುಕುತ್ತಿರಲಿಲ್ಲ. ಅಷ್ಟು ಗಿಡ್ಡ. ಕುಳಿತ ಮಕ್ಕಳ ಪಕ್ಕದಲ್ಲಿ ನಿಂತರೆ ಅವರ ತಲೆಯೂ ಮಕ್ಕಳ ತಲೆಯೂ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಬರುತ್ತಿತ್ತು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ತಲೆಯನ್ನು ಸ್ವಲ್ಪ ಓರೆ ಮಾಡಿ ಮಕ್ಕಳ ಮಾತು ಕೇಳುವುದು ಅವರ ಅಭ್ಯಾಸ. ಊರಿಗೆಲ್ಲ ಅವರು 'ದೊಡ್ಡ ಟೀಚರ್'. ಎತ್ತರ ನೋಡಿದವರು ನಗುತ್ತಿದ್ದರು, ಅವರೂ ಜೊತೆಗೆ ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪುತ್ತೂರಿನ ಹತ್ತಿರದ ಕುಂಬ್ರದಿಂದ ಒಳಗಿದ್ದ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಗಣಿತ ಕಲಿಸಲು ಸೇರಿದಾಗ ಅವರು ಅಲ್ಲಿ ಮುಖ್ಯೋಪಾಧ್ಯಾಯಿನಿ. ನನಗೆ ಏಳನೆಯ ತರಗತಿ ಕೊಟ್ಟರು. ತರಬೇತಿಯಲ್ಲಿ ಕಲಿತಂತೆ ತ್ರೈರಾಶಿಯನ್ನು ಬೋರ್ಡಿನ ಮೇಲೆ ಬರೆದು, ಅಡ್ಡ ಗುಣಿಸಿ, ಭಾಗಿಸಿ ತೋರಿಸುತ್ತಿದ್ದೆ. ಮಕ್ಕಳು ಹಾಗೇ ಮಾಡುತ್ತಿದ್ದರು. ಒಬ್ಬ ಹುಡುಗಿಯ ಉತ್ತರ ಮಾತ್ರ ಸದಾ ತಪ್ಪು. ಈ ಸಲ ಫೇಲಾದರೆ ಅವಳನ್ನು ಶಾಲೆ ಬಿಡಿಸಿ ಬೀಡಿ ಕಟ್ಟಲು ಕೂರಿಸುವುದೆಂದು ಅವಳ ತಾಯಿ ಆಗಲೇ ತೀರ್ಮಾನಿಸಿದ್ದರು.

ಒಂದು ದಿನ ದೊಡ್ಡ ಟೀಚರ್ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು. ಪಾಠ ಮುಗಿದ ಮೇಲೆ ಆ ಹುಡುಗಿಯ ಪಕ್ಕಕ್ಕೆ ಹೋಗಿ ನಿಂತು, "ಒಂದು ಲೋಟ ನೀರಿಗೆ ಮೂರು ಚಮಚ ಪುನರ್ಪುಳಿ ರಸ ಹಾಕಿದ್ರೆ ಶರಬತ್ತು ಸರಿಯಾಗ್ತದೆ. ಮೂರು ಲೋಟ ನೀರಿಗೆ ಎಷ್ಟು ಹಾಕ್ತಿ?" ಎಂದು ಕೇಳಿದರು.

"ಐದು."

ನಾನು ತಪ್ಪು ಎನ್ನಲು ಬಾಯಿ ತೆರೆದೆ. ಅವರು ಕಣ್ಣಲ್ಲೇ ತಡೆದು, "ಐದು ಹೇಗೆ ಬಂತು ಹೇಳು ನೋಡುವ" ಎಂದರು.

"ನೀರು ಎರಡು ಲೋಟ ಜಾಸ್ತಿ ಆಯ್ತಲ್ಲ ಟೀಚರೇ. ಹಾಗಾಗಿ ರಸವೂ ಎರಡು ಚಮಚ ಜಾಸ್ತಿ."

ಹೊರಗೆ ಬಂದ ಮೇಲೆ ಅವರು ನನಗೆ ಹೇಳಿದರು: "ಅವಳು ದಡ್ಡಿ ಅಲ್ಲ. ಯೋಚನೆ ಮಾಡಿಯೇ ಹೇಳುದು. ಆದ್ರೆ ಗುಣಿಸುವಲ್ಲಿ ಕೂಡಿಸ್ತಾಳೆ. ನಾಳೆ ನಾನೊಂದು ಪಾಠ ಮಾಡ್ಲಾ? ನೀವು ಹಿಂದೆ ಕೂತು ನೋಡಿ."

ಮರುದಿನ ಮನೆಯಿಂದ ಪುನರ್ಪುಳಿ ಹಣ್ಣಿನ ಕೆಂಪು ರಸ ತಂದರು. ಎರಡು ಪಾತ್ರೆಗಳಲ್ಲಿ ಮೂರು ಮೂರು ಲೋಟ ನೀರು ಹಾಕಿ, ಒಂದಕ್ಕೆ ಐದು ಚಮಚ, ಇನ್ನೊಂದಕ್ಕೆ ಒಂಬತ್ತು ಚಮಚ ರಸ ಸುರಿದರು. ಒಂದು ನಸುಗೆಂಪಾಗಿ ಉಳಿಯಿತು. ಇನ್ನೊಂದು ಚೆನ್ನಾಗಿ ಕೆಂಪಾಯಿತು. ಹುಡುಗಿ ಎರಡನ್ನೂ ಕುಡಿದು ನೋಡಿ, "ಒಂದೊಂದು ಲೋಟಕ್ಕೂ ಮೂರು ಮೂರು ಬೇಕು" ಎಂದಳು. ತರಗತಿಗೆಲ್ಲ ಸಂಭ್ರಮ. ಅಂಥವೇ ಮತ್ತಷ್ಟು ಲೆಕ್ಕಗಳು ನಡೆದವು. ಕೊನೆಗೆ ದೊಡ್ಡ ಟೀಚರ್ ಕೇಳಿದರು: "ಅಕ್ಕನಿಗೆ ಆರು ವರ್ಷ, ತಮ್ಮನಿಗೆ ಮೂರು. ಅಕ್ಕನಿಗೆ ಹನ್ನೆರಡಾದಾಗ ತಮ್ಮನಿಗೆ ಎಷ್ಟು?"

"ಆರು!" ಇಡೀ ತರಗತಿ ಒಂದೇ ಸ್ವರದಲ್ಲಿ ಕೂಗಿತು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಆಫೀಸು ಕೋಣೆಗೆ ಬಂದು, ಪಾತ್ರೆಯಲ್ಲಿ ಉಳಿದ ಶರಬತ್ತನ್ನು ನನಗೊಂದು ಲೋಟ ಬಗ್ಗಿಸಿ ಕೊಟ್ಟು, "ಇವತ್ತು ನನ್ನ ಪಾಠ ಕೆಟ್ಟುಹೋಯ್ತು ಟೀಚರೇ. ಎಲ್ಲಿ ಕೆಟ್ಟಿತು, ಹೇಳಿ" ಎಂದರು.

ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ನಾನು ಅವರ ಪಾಠದ ಬಗ್ಗೆ ಏನು ಹೇಳಲಿ? ಅವರು ಬಿಡಲಿಲ್ಲ. ತಲೆ ಓರೆ ಮಾಡಿ ಕಾಯುತ್ತಲೇ ಇದ್ದರು. ಕೊನೆಗೆ ನಾನು, "ನೀವು ಗುಣಿಸುವ ಲೆಕ್ಕಗಳನ್ನೇ ಕೊಟ್ಟಿರಿ. ಗುಣಿಸಬಾರದ್ದು ನಡುವೆ ಒಂದೂ ಇರಲಿಲ್ಲ" ಎಂದೆ.

ಅವರ ಮುಖ ಅರಳಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. "ಅದೇ, ಅದೇ! ನನಗೆ ಹೊಳೆಯಲೇ ಇಲ್ಲ ಮಾರಾಯ್ರೆ. ನಾಳೆ ನೀವು ಮಾಡಿ."

ಮರುದಿನ ಎರಡೂ ಬಗೆಯ ಲೆಕ್ಕಗಳನ್ನು ಬೆರೆಸಿ ಕೊಟ್ಟೆ. ಉತ್ತರ ಬೇಡ, ಗುಣಿಸಬೇಕೋ ಕೂಡಿಸಬೇಕೋ ಅಷ್ಟು ಹೇಳಿ, ಯಾಕೆಂದೂ ಹೇಳಿ ಎಂದೆ. ವಯಸ್ಸಿನ ಲೆಕ್ಕ ಬಂದಾಗ ಆ ಹುಡುಗಿ ಎದ್ದು ನಿಂತಳು. "ಟೀಚರೇ, ವರ್ಷ ಇಬ್ಬರಿಗೂ ಒಟ್ಟಿಗೇ ಏರುದಲ್ವಾ? ಅಕ್ಕನಿಗೆ ಆರು ಏರಿದ್ರೆ ತಮ್ಮನಿಗೂ ಆರು. ಅವನಿಗೆ ಒಂಬತ್ತು." ಹಿಂದಿನ ಬೆಂಚಿನಲ್ಲಿ ದೊಡ್ಡ ಟೀಚರ್ ಚಪ್ಪಾಳೆ ತಟ್ಟಿದರು. ಆ ವರ್ಷ ಹುಡುಗಿ ಪಾಸಾಗಿ ಹೈಸ್ಕೂಲಿಗೆ ಹೋದಳು. ಹೆಚ್ಚಿನ ಅಂಕವೇನೂ ಬಂದಿರಲಿಲ್ಲ. ಅವಳ ತಾಯಿಗೆ ಸುದ್ದಿ ಹೇಳಲು ದೊಡ್ಡ ಟೀಚರ್ ತಾವೇ ಗುಡ್ಡ ಹತ್ತಿ ಹೋಗಿದ್ದರು.

ಸುತ್ತಲಿನ ಶಾಲೆಗಳ ಶಿಕ್ಷಕರ ಸಭೆಯಲ್ಲಿ ಅವರು ತಮ್ಮ ಕೆಟ್ಟ ಪಾಠವನ್ನೇ ವಿವರವಾಗಿ ಹೇಳಿದರು. ಹಿರಿಯ ಮಾಷ್ಟ್ರೊಬ್ಬರಿಗೆ ಅದು ಹಿಡಿಸಲಿಲ್ಲ. "ಪರೀಕ್ಷೆ ಹತ್ತಿರ ಇರುವಾಗ ಇದೆಲ್ಲ ಎಂತಕ್ಕೆ? ತ್ರೈರಾಶಿ ಬಾಯಿಪಾಠ ಬಂದ್ರೆ ಸಾಕು."

"ಬಾಯಿಪಾಠ ಬೇಕು ಮಾಷ್ಟ್ರೇ. ಎಲ್ಲಿ ಅದನ್ನು ಹಾಕಬಾರದು ಅಂತಲೂ ಗೊತ್ತಿರಬೇಕಲ್ಲ?"

ಮಾಷ್ಟ್ರು, "ನಮ್ಮ ಶಾಲೆಗೆ ಬಂದು ತೋರಿಸ್ತೀರಾ?" ಎಂದರು.

"ತೋರಿಸುದು ನೀವು. ನಾವು ಹಿಂದೆ ಕೂರ್ತೇವೆ."

ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ನಾವಿಬ್ಬರೂ ಬಸ್ಸು ಹತ್ತುತ್ತಿದ್ದೆವು. ಒಮ್ಮೆ ರಾಮಕುಂಜದ ಕಡೆ, ಒಮ್ಮೆ ಗುತ್ತಿಗಾರಿನ ಕಡೆ. ಅಲ್ಲಿಯ ಶಿಕ್ಷಕರು ಕೆಲವು ಮಕ್ಕಳನ್ನು ಉಳಿಸಿಕೊಂಡು ಪಾಠ ಮಾಡುವರು. ಯಾರ ಪಾಠವನ್ನೂ ದೊಡ್ಡ ಟೀಚರ್ ಹಳಿದದ್ದು ನಾನು ಕೇಳಿಲ್ಲ. "ಆ ಹುಡುಗ ಹಾಗೆ ಯಾಕೆ ಹೇಳಿದ?" ಎಂಬುದಷ್ಟೇ ಅವರ ಮಾತು.

ನಿವೃತ್ತಿಯ ಮೇಲೆ ಪುತ್ತೂರಿನಲ್ಲಿ ತಂಗಿಯ ಮನೆಯಲ್ಲಿದ್ದರು. ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಹಾಸಿಗೆ ಹಿಡಿದರು. ಸುಳ್ಯದಲ್ಲಿ ಗಣಿತ ಶಿಕ್ಷಕರಿಗೆ ಉಪನ್ಯಾಸ ಮಾಡಲು ನನ್ನನ್ನು ಕರೆದಿದ್ದಾರೆ, ಹೆದರಿಕೆಯಾಗುತ್ತದೆ ಎಂದು ಅವರನ್ನು ನೋಡಲು ಹೋದಾಗ ಹೇಳಿಕೊಂಡೆ. ಅವರ ಸ್ವರ ಬಹಳ ಕುಗ್ಗಿತ್ತು. "ನೀವು ಮಾತಾಡ್ಲಿಕ್ಕೆ ಹೋಗ್ಬೇಡಿ. ಅವರ ಕ್ಲಾಸಿನ ಮಕ್ಕಳು ಎಂತ ಹೇಳ್ತಾರೆ ಅಂತ ಕೇಳಿ" ಎಂದರು. ಅದಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಆ ದುಃಖದಲ್ಲೇ ಸುಳ್ಯಕ್ಕೆ ಹೋದೆ. ಸಿದ್ಧ ಮಾಡಿಕೊಂಡಿದ್ದ ಉಪನ್ಯಾಸವನ್ನು ಬದಿಗಿಟ್ಟು, "ಈ ವಾರ ನಿಮ್ಮ ಮಕ್ಕಳು ಕೊಟ್ಟ ಉತ್ತರಗಳಲ್ಲಿ ನಿಮಗೆ ಅರ್ಥವಾಗದೇ ಹೋದದ್ದು ಯಾವುದಾದರೂ ಉಂಟಾ?" ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ದೊಡ್ಡ ಟೀಚರಿಂದಲ್ಲದೆ ಹಾಗೆ ಸುಮ್ಮನಿರುವ ಧೈರ್ಯ ನನಗೆಲ್ಲಿಂದ ಬರಬೇಕು? ಕೊನೆಗೆ ಕಿಟಕಿಯ ಬಳಿ ಕುಳಿತಿದ್ದ ಹೊಸ ಮಾಷ್ಟ್ರೊಬ್ಬರು ಸಂಕೋಚದಿಂದ ಎದ್ದು, "ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ..." ಎಂದು ಶುರುಮಾಡಿದರು. ನಾನು ಕುರ್ಚಿ ಎಳೆದುಕೊಂಡು ಅವರ ಎದುರು ಕುಳಿತೆ.