ಹಿಂದಿನ ಎಡಗಡೆ ಟೈರು

ಊರು ಬಿಡುವ ಮೊದಲು ನಾಲ್ಕೂ ಟೈರು ಮುಟ್ಟಿ ನೋಡುವುದು ನನ್ನ ರೂಢಿ. ಮನೆಯಲ್ಲಿ ನಗುತ್ತಾರೆ, ನಕ್ಕರೆ ನಗಲಿ. ಆ ಸೋಮವಾರ ಮಾತ್ರ ಅತ್ತೆ ಬಿಡಲಿಲ್ಲ. ಬೇಲೂರಿನಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥ. ಏಳೂವರೆಗೆ ರಾಹುಕಾಲ, ಅಷ್ಟರೊಳಗೆ ಅರಸೀಕೆರೆ ಬಿಡಬೇಕು, ಹೊರಟ ಮೇಲೆ ಎಲ್ಲೂ ನಿಲ್ಲಬಾರದು ಎಂದು ಅವರ ಪಟ್ಟು. ನನ್ನ ಗಂಡ ಡಿಕ್ಕಿಗೆ ತೆಂಗಿನಕಾಯಿ ಚೀಲಗಳನ್ನು ತುರುಕಿ, ನಾನು ಬಗ್ಗುವಷ್ಟರಲ್ಲಿ ಗಾಡಿ ಸ್ಟಾರ್ಟ್ ಮಾಡಿಬಿಟ್ಟರು.

ಜಾವಗಲ್ ದಾಟಿದ ಮೇಲೆ ಧಡ್ ಧಡ್ ಎಂಬ ಸದ್ದು ಶುರುವಾಯಿತು. ಬರುತ್ತಿದ್ದುದು ಹಿಂದಿನಿಂದ, ಎಡಗಡೆಯಿಂದ. ಅಲ್ಲಿ ನನ್ನ ಆರು ವರ್ಷದ ಮಗಳು ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದಳು.

"ರೀ, ನಿಲ್ಸಿ. ಟೈರು ಸರಿಯಿಲ್ಲ."

"ರೋಡು ಸರಿಯಿಲ್ಲ ಕಣೇ, ಸುಮ್ನಿರು," ಎಂದರು ಇವರು.

"ರಾಹುಕಾಲದಲ್ಲಿ ನಡುದಾರೀಲಿ ನಿಲ್ಲಿಸ್ತಾರೇನೇ?" ಮಗಳ ಪಕ್ಕದಲ್ಲಿದ್ದ ಅತ್ತೆ ಗದರಿದರು.

ಹಳೇಬೀಡಿನ ಹತ್ತಿರ ಎದುರಿಗೊಂದು ಲಾರಿ ಬಂತು. ಇವರು ಬದಿಗೆ ತಿರುಗಿಸಿದಾಗ ಗಾಡಿಯ ಹಿಂಭಾಗ ಓಲಾಡಿತು. "ಈಗ ನಿಲ್ಲಿಸ್ದಿದ್ರೆ ನಾನು ಬಾಗಿಲು ತೆಗೀತೀನಿ," ಎಂದೆ. ಬಸ್ತಿಹಳ್ಳಿಯ ತಿರುವಿನಲ್ಲಿ ಇವರು ಮುಖ ಸಿಂಡರಿಸಿಕೊಂಡು ನಿಲ್ಲಿಸಿದರು.

ಇಳಿದು ನೋಡಿದರೆ ಟೈರಿನ ಮಗ್ಗುಲು ಕೋಳಿಮೊಟ್ಟೆ ಗಾತ್ರ ಊದಿಕೊಂಡಿತ್ತು. ಒಳಗಿನ ನೂಲು ಹರಿದಿದ್ದರೆ ಹಾಗಾಗುತ್ತದೆ. ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಸ್ಟೆಪ್ನಿ ಇದ್ದದ್ದು ಕಾಯಿ ಚೀಲಗಳ ಅಡಿಯಲ್ಲಿ.

"ಬೇಲೂರು ಇಲ್ಲೇ ಐತೆ. ನಿಧಾನಕ್ಕೆ ಹೋದ್ರಾಯ್ತು," ಎಂದರು ಇವರು.

ಮೈಯೆಲ್ಲ ಉರಿದುಹೋಯಿತು. "ನೀವು ಹೋಗಿ. ನನ್ನ ಮಗಳು ಈ ಗಾಡಿ ಹತ್ತಲ್ಲ," ಎಂದು ಅವಳನ್ನು ಕೆಳಗಿಳಿಸಿಕೊಂಡೆ.

ಅತ್ತೆಯೂ ಇಳಿದರು. ಸೆರಗು ಸಿಕ್ಕಿಸಿಕೊಂಡು ಬಗ್ಗಿ ಆ ಊತ ನೋಡಿದರು. ಆಮೇಲೆ ತಲೆಯೆತ್ತಿ, ಅದರ ಮೇಲಿನ ಕಿಟಕಿ ನೋಡಿದರು. ಗಾಜಿನ ಮೇಲೆ ಮಗುವಿನ ಬೆರಳಿನ ಗುರುತುಗಳಿದ್ದವು.

"ಕಾಯಿ ಇಳ್ಸೋ," ಎಂದರು ಮಗನಿಗೆ.

"ರಾಹುಕಾಲ ಅಂತಿದ್ದೆ?"

"ಇಳ್ಸು ಅಂದ್ನಲ್ಲ."

ಇವರು ಚೀಲ ಇಳಿಸಿದರು, ಜಾಕ್ ಕೊಟ್ಟು ಟೈರು ಬದಲಾಯಿಸಿದರು. ಸ್ಟೆಪ್ನಿಯ ಗಾಳಿಯನ್ನು ಗೇಜಿನಲ್ಲಿ ನಾನೇ ನೋಡಿದೆ, ಸರಿಯಾಗಿತ್ತು.

ಹತ್ತುವಾಗ ಮಗಳು ಅದೇ ಕಿಟಕಿಗೆ ಓಡಿದಳು. ಅತ್ತೆ ಅವಳ ರಟ್ಟೆ ಹಿಡಿದುಕೊಂಡರು. ಈಗೇನೂ ಭಯವಿಲ್ಲ ಅತ್ತೆ, ಬೇರೆ ಟೈರು ಹಾಕಿದೆ ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ.

"ನೀನು ಆ ಕಡೆ ಹೋಗು ಪುಟ್ಟಿ," ಎಂದರು. "ಈ ಟೈರಿನ ಮೇಲೆ ನಾನು ಕೂತ್ಕೋತೀನಿ."