ಹಸಿಮರದ ಕಂಬ

ನಾಗರತ್ನ, ಆ ಖೋಖೋ ಕಂಬದ ಸೀಳನ್ನು ಮುಚ್ಚಿದವನು ನಾನು. ನೀನಲ್ಲ. ಹಾಡಹಗಲು, ನನ್ನ ಕೈಯಾರೆ, ಸರೇಸಿನ ಅಂಟು ಕಾಯಿಸಿ ಮರದ ಪುಡಿ ಕಲಸಿ ಮೆತ್ತಿದೆ. ಅದು ಗಟ್ಟಿಯಾದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿ, ಸೀಳು ಇತ್ತೆಂಬುದೇ ಕಾಣದಂತೆ ಮಾಡಿದೆ. ಮರುದಿನ ಆಟದಲ್ಲಿ ಶಮೀಮಳ ಅಂಗೈ ಹರಿದಾಗ, ಹೆಡ್‌ಮಾಸ್ಟರ ಕೋಣೆಯಲ್ಲಿ ಎಲ್ಲರೆದುರು ನಿನ್ನ ಹೆಸರು ಹೇಳಿದವನೂ ನಾನೇ. ನಿನಗೆ ಇದೆಲ್ಲ ಗೊತ್ತಿರುವುದೇ. ಗೊತ್ತಿಲ್ಲದವರು ಉಳಿದವರು — ಅವರಿಗೆ ಗೊತ್ತಾಗಲಿ ಎಂದು ಹದಿನಾರು ವರ್ಷ ಕಳೆದ ಮೇಲೆ ಬರೆಯುತ್ತಿದ್ದೇನೆ.

ಹೋದ ತಿಂಗಳು ನಮ್ಮ ಆ ಹಳೆಯ ಶಾಲೆಯಿಂದ ನನಗೊಂದು ಕಾಗದ ಬಂತು. ಈ ವರ್ಷ ಅಲ್ಲಿಯ ಹುಡುಗಿಯರು ಖೋಖೋದಲ್ಲಿ ಜಿಲ್ಲೆಗೇ ಮೊದಲು ಬಂದಿದ್ದಾರಂತೆ. ಒಬ್ಬಳು ಉದ್ದ ಜಿಗಿತದಲ್ಲಿ ವಿಭಾಗ ಮಟ್ಟಕ್ಕೆ ಹೋಗಿದ್ದಾಳಂತೆ. ಕಾರ್ಯಾನುಭವದ ಪೀರಿಯಡ್ಡಿನಲ್ಲಿ ಮಕ್ಕಳು ಸೀಮೆಸುಣ್ಣ ಮಾಡುತ್ತಾರೆ, ಸಾಬೂನು ಮಾಡುತ್ತಾರೆ, ಆಟದ ಸಾಮಾನನ್ನೂ ತಾವೇ ತಯಾರಿಸಿಕೊಳ್ಳುತ್ತಾರಂತೆ. ಈ ಪರಂಪರೆಗೆ ಬುನಾದಿ ಹಾಕಿದವರು ತಾವು, ಆದ್ದರಿಂದ ಸ್ಮರಣ ಸಂಚಿಕೆಗೆ ನಾಲ್ಕು ಪುಟ ಬರೆದುಕೊಡಬೇಕು ಎಂದು ಕೊನೆಯಲ್ಲಿ ಬೇಡಿಕೆ. ಪರಂಪರೆಯಂತೆ, ಬುನಾದಿಯಂತೆ. ಓದಿ ನನಗೆ ಮೈಯೆಲ್ಲ ಉರಿಯಿತು. ಅವರು ಕೇಳಿದ ನಾಲ್ಕು ಪುಟ ಇವೇ. ಅಚ್ಚು ಹಾಕುವುದೋ ಹರಿದು ಹಾಕುವುದೋ ಅವರಿಗೆ ಬಿಟ್ಟದ್ದು.

ನಾನು ಆಗ ಅಲ್ಲಿ ಕ್ರಾಫ್ಟ್ ಮೇಷ್ಟ್ರು. ಜಗಳೂರು ಕಡೆಯವನು. ಊರಿನ ಹೆಸರಿಗೆ ತಕ್ಕ ಬುದ್ಧಿ ಎಂದು ಸ್ಟಾಫ್ ರೂಮಿನಲ್ಲಿ ಹಿಂದಿನಿಂದ ಆಡಿಕೊಳ್ಳುತ್ತಿದ್ದರು, ಆಡಿಕೊಳ್ಳಲಿ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಡ್ರಿಲ್ ಮೇಷ್ಟ್ರು ಹಾಲಪ್ಪ ಹೊನ್ನಾಳಿಯವರು. ನನಗೂ ಅವರಿಗೂ ಹಾವು ಮುಂಗುಸಿ. ಅವರು ನನ್ನ ಪೀರಿಯಡ್ಡಿನ ನಡುವೆ ಬಾಗಿಲಲ್ಲಿ ನಿಂತು ಸೀಟಿ ಊದಿದರೆ ಸಾಕು, ಮಕ್ಕಳು ಕೈಯಲ್ಲಿದ್ದ ಗರಗಸ ಅಲ್ಲೇ ಎಸೆದು ಮೈದಾನಕ್ಕೆ ಓಡಿಬಿಡುತ್ತಿದ್ದರು. ನನ್ನ ಕ್ಲಾಸಿಗೆ ಅವರಿಟ್ಟ ಹೆಸರು ಚಕ್ಕೆ ಕ್ಲಾಸು. ಅವರ ಮಕ್ಕಳು ಗೆದ್ದ ಕಪ್ಪುಗಳು ಹೆಡ್‌ಮಾಸ್ಟರ ಗಾಜಿನ ಬೀರುವಿನಲ್ಲಿ ಹೊಳೆಯುತ್ತಿದ್ದವು. ನನ್ನ ಮಕ್ಕಳು ಮಾಡಿದ ಮಣೆ, ಸ್ಟೂಲು ಹೆಡ್‌ಮಾಸ್ಟರ ಮನೆಯ ಬಚ್ಚಲಿಗೆ ಸೇರುತ್ತಿದ್ದವು. ಒಂದು ಸಲ ಹಾಲಪ್ಪನವರು ಕೇಳದೆ ನನ್ನ ರೂಮಿನಿಂದ ಒಂದಿಂಚಿನ ಉಳಿ ತರಿಸಿಕೊಂಡು, ಅದರಲ್ಲಿ ಕಂಬದ ಗುಂಡಿಯ ಮಣ್ಣು ಅಗೆಸಿದರು. ಉಳಿಯಲ್ಲಿ ಮಣ್ಣು ಅಗೆಯುವುದೆಂದರೆ ಏನು ಎಂದು ಬಡಗಿಗಳಾದ ನಿಮ್ಮ ಮನೆಯವರಿಗೆ ಹೇಳಬೇಕಿಲ್ಲ. ಬಾಯಿ ಮೊಂಡಾದ ಆ ಉಳಿಯನ್ನು ನೀನು ಎರಡು ದಿನ ಕಲ್ಲಿಗೆ ಮಸೆದೆ.

ಇವೆಲ್ಲ ಕಾರಣಗಳೇ ಇರಬಹುದು. ಆದರೆ ಕಾರಣ ಹೇಳಿದರೆ ತಪ್ಪು ಸಣ್ಣದಾಗುವುದಿಲ್ಲ, ಅದೂ ನನಗೆ ಗೊತ್ತು. ಆ ಮನುಷ್ಯನ ಮೇಲಿನ ಹಗೆ ನನ್ನಲ್ಲಿ ಇವತ್ತಿಗೂ ಆರಿಲ್ಲ. ವಯಸ್ಸಾದರೆ ಮನಸ್ಸು ಮೆತ್ತಗಾಗುತ್ತದೆ ಎನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಅದು ಬರೀ ಮಾತು.

ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಮರಗೆಲಸ — ಅದು ಶಾಲೆಯ ಕಟ್ಟಳೆ. ಒಂಬತ್ತನೆಯ ಕ್ಲಾಸಿನಲ್ಲಿ ನೀನು ಹೊಲಿಗೆಯ ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬಂದೆ. ಕೆರೆಬಿಳಚಿಯ ಮೌನೇಶಾಚಾರ್ರ ಮಗಳು ಎಂದಷ್ಟೇ ನನಗೆ ಗೊತ್ತಿತ್ತು.

“ಸಾರ್, ಅಪ್ಪ ಅಣ್ಣಂದಿರಿಗಷ್ಟೇ ಕೆಲಸ ಕಲಿಸ್ತಾನ್ರಿ. ನನಗೂ ಉಳಿ ಹಿಡಿಯಾಕೆ ಬಿಡ್ರಿ.”

ಬಿಟ್ಟೆ. ಅದನ್ನೂ ದೊಡ್ಡ ಮನಸ್ಸಿನಿಂದ ಬಿಟ್ಟೆನೆಂದುಕೊಳ್ಳಬೇಡ. ಇನ್‌ಸ್ಪೆಕ್ಟರು ಬಂದಾಗ ನನ್ನ ಕ್ಲಾಸಿನಲ್ಲಿ ಹುಡುಗಿಯೊಬ್ಬಳು ಮರಕ್ಕೆ ಕೀಸುಳಿ ಹೊಡೆಯುವುದನ್ನು ತೋರಿಸಿ, ಹಾಲಪ್ಪನವರ ಕಪ್ಪುಗಳನ್ನು ಒಂದು ದಿನಕ್ಕಾದರೂ ಮಂಕು ಮಾಡಬಹುದಲ್ಲ ಎಂದು ಬಿಟ್ಟೆ. ಆದರೆ ನಿನ್ನ ಕೈ — ಅಂಥ ಕೈ ಅದಕ್ಕೆ ಮೊದಲು ನಾನು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಹುಡುಗರು ಮೂರು ಸಲ ಅಳತೆ ಮಾಡಿ ತಪ್ಪುವುದನ್ನು ನೀನು ಬೆರಳಲ್ಲಿ ಸವರಿ ಹೇಳುತ್ತಿದ್ದೆ. ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದೆ, ಅದು ನನಗೆ ಹಿತವಾಗಿಯೇನೂ ಇರಲಿಲ್ಲ.

ನೀನು ಹತ್ತನೆಯ ಕ್ಲಾಸಿಗೆ ಬಂದ ವರ್ಷ ಖೋಖೋ ಪಂದ್ಯಗಳು ನಮ್ಮ ಮೈದಾನದಲ್ಲೇ ಎಂದು ಗೊತ್ತಾಯಿತು. ಹೊನ್ನಾಳಿ, ನ್ಯಾಮತಿ, ಸವಳಂಗದ ತಂಡಗಳು ಬರುವುದಿತ್ತು. ಗೆದ್ದವರು ಶಿವಮೊಗ್ಗಕ್ಕೆ. ನಮ್ಮ ನಾಯಕಿ ಶಮೀಮ್, ಊರಿನ ಬಟ್ಟೆ ಅಂಗಡಿಯವರ ಮಗಳು. ಓಡುತ್ತ ಬಂದು ಒಂದೇ ಕೈಯಲ್ಲಿ ಕಂಬ ಹಿಡಿದು ಗಿರ್ರನೆ ತಿರುಗಿ ಆಚೆ ಬದಿಗೆ ತಪ್ಪಿಸಿಕೊಂಡವಳನ್ನು ಮುಟ್ಟಿಬಿಡುತ್ತಿದ್ದಳು. ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಹಳೆಯ ಕಂಬಗಳಿಗೆ ಗೆದ್ದಲು ಹತ್ತಿತ್ತು. ಹೊಸ ಕಂಬಗಳನ್ನು ಮಕ್ಕಳೇ ಮಾಡಲಿ, ಮಾಡಿ ಕಲಿತ ಹಾಗಾಯಿತು ಎಂದು ಹೆಡ್‌ಮಾಸ್ಟರು ಅಪ್ಪಣೆ ಮಾಡಿದರು. ಮರ ಯಾವುದು? ಕಾಂಪೌಂಡಿನಲ್ಲಿ ಆಗಷ್ಟೇ ಕಡಿಸಿದ್ದ ಬೇವು. ಕಡಿದು ಇಪ್ಪತ್ತು ದಿನವೂ ಆಗಿರಲಿಲ್ಲ.

ಹಸಿಮರ ಆಗದು, ಒಣಗಬೇಕು, ಇಲ್ಲದಿದ್ದರೆ ಬಿಸಿಲಿಗೆ ಸೀಳುತ್ತದೆ ಎಂದು ನಾನು ಸ್ಟಾಫ್ ಮೀಟಿಂಗಿನಲ್ಲಿ ಹೇಳಿದೆ. ಅದೊಂದು ಮಾತನ್ನು ಸರಿಯಾಗಿಯೇ ಹೇಳಿದೆ. ಹಾಲಪ್ಪನವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿಕೊಂಡರು.

“ಮರ ಒಣಗಬೇಕಂತೆ. ಜಗಳೂರಾಗೆ ಎಲ್ಲಾ ಒಣಗೇ ಇರ್ತೈತಲ್ಲ, ಅಲ್ಲಿಂದಲೇ ತರಿಸ್ರಿ ಮೇಷ್ಟ್ರೇ.”

ಎಲ್ಲರೂ ನಕ್ಕರು. ಹೆಡ್‌ಮಾಸ್ಟರು ಕರ್ಚೀಫು ಬಾಯಿಗೆ ಒತ್ತಿಕೊಂಡು ನಕ್ಕರು. ಹಸಿ ಬೇಕೇನು, ತಗೋ ಹಸಿಯನ್ನೇ — ಎಂದು ನಾನು ಮನಸ್ಸಿನಲ್ಲಿ ಹಲ್ಲು ಕಡಿದೆ.

ಕೆಲಸವನ್ನು ನಿನಗೆ ಕೊಟ್ಟೆ. ಮರಕ್ಕೆ ಉಳಿ ತಾಗಿಸಿದ ಕೂಡಲೆ ನೀನೂ ಅದನ್ನೇ ಹೇಳಿದೆ, ಹಸಿ ಇದೆ ಎಂದು. ಹೇಳಿದಷ್ಟು ಮಾಡು ಎಂದು ನಾನು ಗದರಿದೆ. ಎಂಟು ದಿನದಲ್ಲಿ ನೀನು ಎರಡೂ ಕಂಬಗಳನ್ನು ಗುಂಡಗೆ, ನುಣ್ಣಗೆ, ಎಲ್ಲಿ ದಾರ ಸುತ್ತಿ ನೋಡಿದರೂ ಒಂದೇ ಅಳತೆ ಬರುವ ಹಾಗೆ ಮಾಡಿದೆ. ನೆಟ್ಟ ದಿನ ಶಮೀಮ್ ಬಂದು ಕಂಬ ಸವರಿ, ನಿನ್ನ ಕೈ ಹಿಡಿದು ಏನೋ ಹೇಳಿದಳು. ಇಬ್ಬರೂ ನಕ್ಕಿರಿ.

ಪಂದ್ಯದ ಹಿಂದಿನ ದಿನ, ಮಧ್ಯಾಹ್ನ ಊಟದ ಬೆಲ್ಲು ಆಗಿತ್ತು. ನೀನು ಓಡುತ್ತ ಬಂದೆ.

“ಸಾರ್, ಮೂಡಲ ಕಂಬದಾಗೆ ಸೀಳು ಬಿಟ್ಟೈತ್ರಿ. ನನ್ನ ಬೆರಳುಗುರು ಹಿಡಿಸ್ತೈತೆ. ಆಡಾಕೆ ಬಿಡಬ್ಯಾಡ್ರಿ.”

ಹಾಲಪ್ಪನವರಿಗೆ ನಾನೇ ಹೇಳುತ್ತೇನೆ, ನೀನು ಯಾರಿಗೂ ಹೇಳಿ ಗಾಬರಿ ಎಬ್ಬಿಸಬೇಡ, ಊಟಕ್ಕೆ ಹೋಗು ಎಂದೆ. ನೀನು ನಂಬಿ ಹೋದೆ. ಮಕ್ಕಳು ಬಾವಿಕಟ್ಟೆಯ ಹತ್ತಿರ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಮೈದಾನದಲ್ಲಿ ನರಪಿಳ್ಳೆ ಇರಲಿಲ್ಲ. ನಾನು ಬೀರುವಿನ ಬೀಗ ತೆಗೆದು ಸರೇಸಿನ ಡಬ್ಬಿ ಹೊರತೆಗೆದೆ.

ಸೀಳನ್ನು ಹಾಗೇ ಬಿಟ್ಟಿದ್ದರೆ ಬೆಳಿಗ್ಗೆ ಹಾಲಪ್ಪನವರ ಕಣ್ಣಿಗೆ ಬೀಳುತ್ತಿತ್ತು, ಗೆದ್ದಲು ಹತ್ತಿದ್ದರೂ ಹಳೆಯ ಕಂಬಗಳನ್ನೇ ನೆಡಿಸುತ್ತಿದ್ದರು, ಪಂದ್ಯ ನಡೆದುಹೋಗುತ್ತಿತ್ತು. ನನಗೆ ಅದು ಬೇಡವಾಗಿತ್ತು. ನಾಲ್ಕು ಊರಿನ ಜನದ ಮುಂದೆ, ಆಟದ ಮಧ್ಯೆ, ಕಂಬ ಬಾಯಿ ಬಿಡಬೇಕು. ರೆಫರಿಗಳು ಸೀಟಿ ಊದಿ ಆಟ ನಿಲ್ಲಿಸಬೇಕು. ಇಂಥ ಕಂಬ ನೆಡಿಸಿದವರು ಯಾರು ಎಂದು ಕೇಳಬೇಕು. ಹಾಲಪ್ಪನವರು ತಲೆ ತಗ್ಗಿಸಬೇಕು. ಇಷ್ಟೇ. ಇಷ್ಟೇ ಬೇಕಾಗಿದ್ದದ್ದು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಕಂಬಕ್ಕೆ ಕೈ ಹಾಕುವವರು ಮಕ್ಕಳು ಎಂಬ ಯೋಚನೆ ಬರಲಿಲ್ಲವೇ? ಬಂದಿತ್ತು, ನಾಗರತ್ನ. ಉಪ್ಪುಕಾಗದ ಉಜ್ಜುತ್ತಿರುವಾಗಲೇ ಬಂದಿತ್ತು. ಬಂದರೂ ನಾನು ಕೈ ನಿಲ್ಲಿಸಲಿಲ್ಲ —

ನ್ಯಾಮತಿಯ ತಂಡದ ಮೇಲೆ ಆಟ. ಹತ್ತು ಗಂಟೆಯ ಬಿಸಿಲಿಗೆ ಸರೇಸು ಬಿಟ್ಟುಕೊಂಡು ಸೀಳಿನ ಅಂಚು ಸಿಬಿರಾಗಿ ಎದ್ದಿತ್ತು. ಶಮೀಮ್ ಓಡಿ ಬಂದಳು, ಹಿಡಿದಳು, ತಿರುಗಿದಳು. ಬೆರಳುದ್ದದ ಸಿಬಿರು ಅಂಗೈಯನ್ನು ಅಡ್ಡಡ್ಡ ಸೀಳಿಕೊಂಡು ಹೋಯಿತು. ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಸುಣ್ಣದ ಗೆರೆಯ ಮೇಲೆ ಕೂತುಬಿಟ್ಟಳು. ಲಾರಿಯಲ್ಲಿ ಚನ್ನಗಿರಿಯ ಆಸ್ಪತ್ರೆಗೆ ಒಯ್ದರು. ಗಾಯ ಮಾಯಿತು, ಎರಡು ಬೆರಳು ಮಾತ್ರ ಮತ್ತೆಂದೂ ಮಡಚಲಿಲ್ಲ. ಅವಳು ಮತ್ತೆ ಆಡಲಿಲ್ಲ.

ಮೂರನೆಯ ದಿನ ಹೆಡ್‌ಮಾಸ್ಟರ ಕೋಣೆಯಲ್ಲಿ ವಿಚಾರಣೆ. ಶಮೀಮಳ ತಂದೆ ಬಂದಿದ್ದರು. ಬೈಯಲಿಲ್ಲ, ಇದು ಹೇಗಾಯಿತು ಅಷ್ಟು ಹೇಳಿ ಎಂದರು. ಹಾಲಪ್ಪನವರು ನನ್ನ ಕಡೆ ತಿರುಗಿದರು, ಹೆಡ್‌ಮಾಸ್ಟರೂ ತಿರುಗಿದರು. ಹಸಿಮರದ ಮಾತು ಎತ್ತಿದ್ದರೆ ಹಾಲಪ್ಪನವರು ಸಿಕ್ಕಿಬೀಳುತ್ತಿದ್ದರು, ಅದಕ್ಕಾಗಿಯೇ ಅಲ್ಲವೇ ನಾನು ಅಷ್ಟೆಲ್ಲ ಮಾಡಿದ್ದು. ಆದರೆ ಹಸಿಮರ ಎಂದ ಕೂಡಲೆ, ಸೀಳು ಮುಚ್ಚಿದ್ದು ಯಾರು ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು. ನೌಕರಿ ಹೋಗುತ್ತಿತ್ತು. ಬಾಗಿಲ ಬಳಿ ನೀನು ನಿಂತಿದ್ದೆ. ನಾನು ನಿನ್ನನ್ನು ನೋಡದೆ ಹೇಳಿದೆ:

“ಸೀಳು ಬಿಟ್ಟಿದ್ದನ್ನು ಈ ಹುಡುಗಿ ಮುಚ್ಚಿಬಿಟ್ಟಿದ್ದಾಳೆ. ನನಗೆ ಹೇಳಲಿಲ್ಲ.”

ಹೌದೇನವ್ವಾ ಎಂದು ನಿನ್ನನ್ನು ಕೇಳಿದವರು ಹಾಲಪ್ಪನವರು. ನೀನು ನನ್ನನ್ನೇ ನೋಡುತ್ತ ಹೇಳಿದೆ:

“ಸಾರ್ ಹೇಳಿದ್‌ಮ್ಯಾಲೆ ಇನ್ನೇನೈತ್ರಿ.”

ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು. ಹೆಣ್ಣುಮಕ್ಕಳ ಕೈಗೆ ಉಳಿ ಕೊಟ್ಟರೆ ಇನ್ನೇನಾದೀತು ಎಂದು ಹೆಡ್‌ಮಾಸ್ಟರು ನಿಟ್ಟುಸಿರು ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಹಾಕಿದ ಕೈ ನನ್ನದು.

ಆ ಸಂಜೆ ಹಾಲಪ್ಪನವರು ಕ್ರಾಫ್ಟ್ ರೂಮಿಗೆ ಬಂದರು. ಉಗುರಿನಲ್ಲಿ ಹೆರೆದು ತಂದಿದ್ದ ಸರೇಸಿನ ಚೂರನ್ನು ನನ್ನ ಮೇಜಿನ ಮೇಲಿಟ್ಟರು. ಡಬ್ಬಿ ನಿಮ್ಮ ಬೀರುವಿನಾಗೆ ಬೀಗ ಹಾಕಿ ಇಟ್ಟಿರ್ತೀರಿ, ಬೀಗದಕೈ ನಿಮ್ಮ ಸೊಂಟದಾಗೆ ಐತೆ, ಎಂದರು. ಅಷ್ಟು ಹೇಳಿ ಹೊರಟುಹೋದರು. ಯಾರಿಗೂ ಹೇಳಲಿಲ್ಲ. ಯಾಕೆ ಹೇಳಿಯಾರು, ನನ್ನ ಮಾತನ್ನು ನಗೆಯಾಡಿ ಹಸಿಮರವನ್ನೇ ಹಾಕಿಸಿದವರು ಅವರು. ನನ್ನ ಬಾಯಿ ಬಿಡಿಸಿದರೆ ಅವರ ಹೆಸರೂ ಹೊರಬರುತ್ತಿತ್ತು. ಅಂದಿನಿಂದ ನಮ್ಮಿಬ್ಬರಿಗೆ ಜಗಳವೇ ಆಗಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರಿಗೊಬ್ಬರು ಚಹಾದ ಲೋಟ ಸರಿಸಿಕೊಡುತ್ತಿದ್ದೆವು. ಇಬ್ಬರಿಗೂ ಬುದ್ಧಿ ಬಂತೆಂದು ಉಳಿದವರು ಸಂತೋಷಪಟ್ಟರು. ಥೂ.

ಮರುದಿನವೇ ನಿಮ್ಮಪ್ಪ ಬಂದು ನಿನ್ನನ್ನು ಶಾಲೆ ಬಿಡಿಸಿಕೊಂಡು ಹೋದರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಾಲ್ಕೇ ತಿಂಗಳಿತ್ತು. ಸೀಳು ಮುಚ್ಚಿ ಮರ ಕೊಡುವುದು ಬಡಗಿಗೆ ಕಳ್ಳತನಕ್ಕಿಂತ ಕೀಳು. ಆಚಾರ್ರ ಮನೆಯ ಕೆಲಸ, ಬಾಗಿಲನ್ನು ಬಿಸಿಲಿಗಿಟ್ಟು ನೋಡಿ ತಗೊಳ್ಳಿ ಎಂದು ಕೆರೆಬಿಳಚಿಯಲ್ಲಿ ಬಹಳ ದಿನ ನಗೆಯಾಡಿದರಂತೆ. ನಿನ್ನನ್ನು ಸವಳಂಗಕ್ಕೆ ಮದುವೆ ಮಾಡಿ ಕೊಟ್ಟರೆಂದು ಆಮೇಲೆ ಕೇಳಿದೆ. ನಾನು ವರ್ಗ ಮಾಡಿಸಿಕೊಂಡು ನ್ಯಾಮತಿಯ ಶಾಲೆಗೆ ಬಂದೆ.

ಹೋದ ವರ್ಷ ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ಕಂಡೆ. ಹೆಸರು ಹಿಡಿದು ಕರೆದೆ. ಜೊತೆಗೆ ಮಗಳಿದ್ದಳು, ಯೂನಿಫಾರಂ ಹಾಕಿದ್ದಳು. ನಿನ್ನ ಮುಖದಲ್ಲಿ ಸಿಟ್ಟು ಕೂಡ ಇರಲಿಲ್ಲ, ಅದಕ್ಕಿಂತ ತಣ್ಣಗಿನದೇನೋ ಇತ್ತು.

“ಎಂಟನೇ ಕ್ಲಾಸಿಗೆ ಸೇರಿಸೀನ್ರಿ. ನ್ಯಾಮತಿ ಹತ್ತಿರಾನೇ ಆಗ್ತಿತ್ತು. ನೀವಿದೀರಿ ಅಂತ ಹೊನ್ನಾಳಿಗೆ ಹಾಕೀವಿ.”

ಅಷ್ಟು ಹೇಳಿ ಮಗಳನ್ನು ಮುಂದೆ ಬಿಟ್ಟುಕೊಂಡು ಹೊನ್ನಾಳಿ ಬಸ್ಸು ಹತ್ತಿದೆ. ನನ್ನಿಂದಾಗಿ ಆ ಮಗು ದಿನವೂ ನ್ಯಾಮತಿ ದಾಟಿ ಅಷ್ಟು ದೂರ ಹೋಗಿ ಬರುತ್ತಿದೆ. ಅವತ್ತೇ ಬರೆಯಬೇಕಾಗಿತ್ತು. ಬರೆಯಲಿಲ್ಲ. ಶಾಲೆಯ ಕಾಗದ ಬಂದು, ಹೊಗಳಿಕೆ ಓದಿ, ಅಸಹ್ಯವಾಗಿ — ಆಮೇಲೆ ಧೈರ್ಯ ಬಂತು ಎನ್ನುವುದೂ ನನಗೇನೂ ಗೌರವ ತರುವ ಮಾತಲ್ಲ.

ಬರೆಯುವ ಮೊದಲು ಬಾಯಿಬಿಟ್ಟು ಹೇಳಬೇಕಾದವರು ಒಬ್ಬರಿದ್ದರು. ಕಳೆದ ಭಾನುವಾರ ಕೆರೆಬಿಳಚಿಗೆ ಹೋದೆ. ನಿಮ್ಮಪ್ಪ ಮನೆಯ ಮುಂದಿನ ಚಪ್ಪರದಲ್ಲಿ ಬಾಗಿಲ ಚೌಕಟ್ಟಿಗೆ ತೂತು ಹೊಡೆಯುತ್ತಿದ್ದರು. ಕೆಲಸ ಒಪ್ಪಿಸಿದ್ದ ಇಬ್ಬರು ರೈತರೂ ಅಲ್ಲಿ ಕೂತಿದ್ದರು. ಅವರ ಮುಂದೆಯೇ ಎಲ್ಲವನ್ನೂ ಹೇಳಿದೆ. ಸೀಳು, ಸರೇಸು, ಬೀಗ, ವಿಚಾರಣೆ. ಒಂದನ್ನೂ ಬಿಡಲಿಲ್ಲ. ಆಚಾರ್ರು ಕೈ ನಿಲ್ಲಿಸಿ ಕೇಳಿದರು. ನನ್ನ ಮೇಲೆ ಉಳಿ ಎತ್ತಿದರೂ ಸರಿಯೇ ಎಂದುಕೊಂಡು ನಿಂತಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ.

“ಆವತ್ತೇ ಹೇಳಿದ್ಲು ಮೇಷ್ಟ್ರೇ. ಮುಚ್ಚಿದ್ದು ಸಾರ್ ಕಣಪ್ಪಾ ಅಂತ, ಕಾಲು ಹಿಡಕಂಡು ಹೇಳಿದ್ಲು. ಮೇಷ್ಟ್ರು ಸುಳ್ಳು ಹೇಳ್ತಾರೇನೇ ಅಂತ ಹೊಡೆದೆ.”