ಬೇವಿನ ನೀರು ಎರೆದ ಮೇಲೆ

ಲಷ್ಕರ್ ಮೊಹಲ್ಲದ ಬೆಟ್ಟಮ್ಮನ ಬಾಯಿ ಜೋರು. ಊದುಬತ್ತಿ ಹೊಸೆಯುತ್ತಾ ಜಗಲಿಯಲ್ಲಿ ಕೂತಳೆಂದರೆ ಬೀದಿಯಲ್ಲಿ ಹೋಗುವವರಿಗೆಲ್ಲ ಒಂದೊಂದು ಮಾತು ಎಸೆಯುತ್ತಿದ್ದಳು. ಗಂಡ ತೀರಿಹೋದ ಮೇಲೆ ಅವಳಿಗೆ ಉಳಿದದ್ದು ಮಗಳು ಚಂದ್ರಮತಿಯೊಬ್ಬಳೇ. ಆ ಪುಟ್ಟ ಹುಡುಗಿಯ ಮುಂದೆ ಮಾತ್ರ ಅವಳ ಜೋರು ನಡೆಯುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಒಂದು ಚಳಿಗಾಲ ಚಂದ್ರಮತಿಗೆ ಗಂಟಲು ಕಟ್ಟಿ, ಎಂಜಲು ನುಂಗಲೂ ಆಗದಂತಾಯಿತು. ಉಪ್ಪುನೀರು ಮುಕ್ಕಳಿಸಿದ್ದಾಯಿತು, ಮೆಣಸಿನ ಕಷಾಯವೂ ಆಯಿತು. ಜ್ವರ ಏರಿದಾಗ ಬೆಟ್ಟಮ್ಮ ಮಗಳನ್ನು ಎತ್ತಿಕೊಂಡು ಡಾಕ್ಟರ ಬಳಿಗೆ ಓಡಿದಳು.

ಡಾಕ್ಟರು ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದರು. ಎರಡೂ ಕಡೆ ಟಾನ್ಸಿಲ್ ಕೆಂಪಗೆ ಊದಿ ಕೀವು ಕಟ್ಟಿತ್ತು. ಪೆನಿಸಿಲಿನ್ ಮಾತ್ರೆ ಕೊಟ್ಟರು.

"ಜ್ವರ ಬಿಟ್ಟಿತು ಅಂತ ನಿಲ್ಲಿಸಬೇಡಮ್ಮ. ಇಷ್ಟೂ ಮುಗಿಸಬೇಕು. ಇಲ್ಲದಿದ್ದರೆ ಕೀಲು ಹಿಡಿಯುತ್ತೆ, ಹೃದಯಕ್ಕೂ ಪೆಟ್ಟು."

"ಆಗ್ಲಿ ಸ್ವಾಮಿ. ನನ್ ಮಗೀಗೆ ಕೊಡ್ದೆ ಇರ್ತೀನಾ?"

ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಹುಡುಗಿ ತಾನಾಗಿ ಅನ್ನ ಸಾರು ಕೇಳಿ ಉಂಡಳು. ಬೆಟ್ಟಮ್ಮ ಹಿರಿಹಿರಿ ಹಿಗ್ಗಿ, ಸಿಡುಬು ಇಳಿದ ಮಕ್ಕಳಿಗೆ ಮಾಡುವ ಹಾಗೆ, ಬೇವಿನ ಸೊಪ್ಪಿನ ನೀರು ಕಾಯಿಸಿ ಮಗಳ ತಲೆಗೆ ಎರೆದಳು. ನೀರೆರೆದರೆ ಕಾಯಿಲೆಯನ್ನು ಕಳಿಸಿಕೊಟ್ಟಂತೆ. ಆಮೇಲೆ ಔಷಧಿ ಮುಟ್ಟಿಸಿದರೆ ಅದನ್ನೇ ಮತ್ತೆ ಕರೆದಂತೆ. ಅವಳ ಅತ್ತೆ ಹೇಳಿಕೊಟ್ಟದ್ದು ಅದು.

"ಡಾಕ್ಟ್ರು ಪೂರಾ ಕೊಡಿ ಅಂದಿದ್ರಲ್ವೇನ್ರೀ?" ಎಂದಳು ಪಕ್ಕದ ಮನೆಯ ಅಂಬುಜಮ್ಮ.

"ನೀರು ಹಾಕ್ಬುಟ್ಟೆ ಕಣ್ರೀ. ಇನ್ ಕೊಡಂಗಿಲ್ಲ."

ಉಳಿದ ಮಾತ್ರೆಗಳನ್ನು ತಿಪ್ಪೆಗೆಸೆದಳು. ಪಾಪ, ಅದನ್ನೂ ಮಗಳ ಮೇಲಿನ ಪ್ರೀತಿಯಿಂದಲೇ ಮಾಡಿದಳು.

ಆ ತಿಂಗಳು ಮುಗಿಯುವುದರೊಳಗೆ ಚಂದ್ರಮತಿಯ ಮಂಡಿ ಬಾತುಕೊಂಡಿತು. ಅಲ್ಲಿ ಇಳಿದು ಮೊಣಕೈಗೆ ಹತ್ತಿತು. ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಗಂಟಲಿನ ರೋಗ ಪೂರ್ತಿ ಹೋಗದೆ ಹೃದಯವನ್ನು ಕೆಡಿಸಿದೆ ಎಂದರು, ಅಷ್ಟೇ. ನಾಲ್ಕು ಮಾತು ಬೈದಿದ್ದರೂ ಬೆಟ್ಟಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಅಂದಿನಿಂದ ಜಗಲಿಯಲ್ಲಿ ಅವಳ ದನಿ ಕೇಳಲಿಲ್ಲ.

ಕೆಲವು ವರ್ಷ ಹೀಗೇ ಕಳೆದವು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಚಂದ್ರಮತಿ ತಾಯಿಯ ಎದೆಗೊರಗಿ ಕೂತೇ ನಿದ್ದೆ ಮಾಡಬೇಕಾಗಿತ್ತು. ಒಂದು ಮಧ್ಯಾಹ್ನ ಅವಳ ಏದುಸಿರು ಮೆಲ್ಲಗೆ ತಗ್ಗಿತು. ಕಾಲು ಜೋಮು ಹಿಡಿದರೂ ಬೆಟ್ಟಮ್ಮ ಅಲುಗದೆ ಕೂತಿದ್ದಳು. ಮಜ್ಜಿಗೆ ತಂದ ಅಂಬುಜಮ್ಮ ಹುಡುಗಿಯ ಮುಖ ನೋಡಿ, ಕೈ ಮುಟ್ಟಿ, "ಅಯ್ಯೋ!" ಎಂದಳು.

"ಸದ್ದು ಮಾಡ್ಬ್ಯಾಡ್ರೀ," ಬೆಟ್ಟಮ್ಮ ಪಿಸುಗುಟ್ಟಿದಳು. "ಇವತ್ತೇ ಮಗೀಗೆ ಚೆನ್ನಾಗ್ ನಿದ್ದೆ ಹತ್ತಿರೋದು."